ಮಗಳಿಗೆ ಮಂಗಳೂರಿನ ಫಾದರ್‌ಗಳ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ, ಕಳಿಸಲಾ?

ಸಪ್ತಾಪುರ ಖಾನಾವಳಿ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ಹದಿನೆಂಟು ವರ್ಷ ಆಯ್ತು. ಕೆಎಎಸ್, ಪಿಎಸ್‌ಐ ಅಂತ ಓದಲು ಬರುವ ಹುಡುಗರಿಗೆಲ್ಲ ರೊಟ್ಟಿ ಬಡಿದು ಹಾಕಿದ್ದೇನೆ. ಯಾವ ಕಾಲೇಜು ಚಲೋ, ಯಾವ ಕ್ಲಾಸು ಸುಮ್ನೆ ದುಡ್ಡು ತಿನ್ನುತ್ತದೆ ಅಂತ ಊರ ಮಕ್ಕಳಿಗೆಲ್ಲ ಹೇಳುತ್ತಿದ್ದವಳು ನಾನು. ಈಗ ನನ್ನ ಮಗಳ ಸರದಿ ಬಂದಾಗ ತಲೆನೇ ಓಡುತ್ತಿಲ್ಲ.

ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ನೀಟ್ ಅವಳಿಗೆ ಬೇಡವೇ ಬೇಡ. ಹುಳ, ಕಪ್ಪೆ, ಜೇಡ ಅಂದ್ರೆ ಜೀವ. ಹಿತ್ತಲ ಕರಿಬೇವಿನ ಗಿಡದ ಹುಳವನ್ನು ಬಾಟಲಿಯಲ್ಲಿ ಇಟ್ಟು ಚಿಟ್ಟೆ ಆಗುವವರೆಗೂ ಕಾಯುವ ಪೈಕಿ. ಪ್ರಾಣಿಶಾಸ್ತ್ರ ಓದುತ್ತೇನೆ ಅಂತ ಹಟ. ನಮಗೆ ಹೇಳದೆ ಮಂಗಳೂರಿನ ಸೇಂಟ್ ಅಲೋಶಿಯಸ್‌ಗೆ ಅರ್ಜಿ ಹಾಕಿದ್ದಳು. ಬಿಎಸ್ಸಿಗೆ ಸೀಟು ಸಿಕ್ಕಿದೆ ಅಂತ ಹೋದ ವಾರ ಮೊಬೈಲ್ ತಂದು ಮುಖದ ಮುಂದೆ ಹಿಡಿದಳು. ನನ್ನ ಕೈಯೆಲ್ಲ ಹಿಟ್ಟು. ಸರಿಯಾಗಿ ಓದಲಿಕ್ಕೂ ಆಗಲಿಲ್ಲ.

ಮನೆಯಲ್ಲಿ ಅವತ್ತಿನಿಂದ ಒಂದೇ ಗದ್ದಲ. ನಮ್ಮ ಅತ್ತೆಯವರು, "ಅದು ಪಾದ್ರಿಗಳ ಸಾಲಿ, ಕೊರಳಾಗಿನ ಲಿಂಗ ತಗಿಸಿ ಶಿಲುಬಿ ಹಾಕಿ ಕಳಸ್ತಾರ" ಅಂತ ಊಟ ಬಿಟ್ಟು ಕೂತಿದ್ದಾರೆ. ನಾವು ಲಿಂಗಾಯತರು. ಮೈದುನ ಹೇಳುವುದೇ ಬೇರೆ. ಅದು 'ಡೀಮ್ಡ್' ಅಂತೆ, ಡೀಮ್ಡ್ ಅಂದ್ರೆ ಡೂಪ್ಲಿಕೇಟ್ ಇದ್ದ ಹಾಗೆ, ನಾಳೆ ಸರ್ಕಾರಿ ನೌಕರಿಗೆ ನಡೆಯುವುದಿಲ್ಲ ಅಂತೆ. ಖಾನಾವಳಿಗೆ ಬರುವ ಒಬ್ಬ ಹುಡುಗ, "ಇಲ್ರೀ ಅಕ್ಕಾರ, ಭಾರಿ ಹಳೇ ಕಾಲೇಜು ಅದು" ಅನ್ನುತ್ತಾನೆ. ಹಳೇದು ಅಂದ್ರೆ ಯೂನಿವರ್ಸಿಟಿ ಬೋರ್ಡು ಯಾಕೆ ಹೊಸದು?

ನಿಜವಾಗಿ ಅಲ್ಲಿ ಓದಿದವರು ಯಾರಾದರೂ ಇದ್ದರೆ ಹೇಳಿ. ಚೆನ್ನಾಗಿದೆ, ಕಳಿಸಿ ಅಂತ ಒಂದು ಸಾಲು ಬೇಡ. ಅಲ್ಲಿ ದಿನ ಹೇಗಿರುತ್ತದೆ ಅಂತ ಬೇಕು.


ಬ್ಯಾಡಗಿ ಮೆಣಸು ಬರೆದಿದ್ದಾರೆ:

ಅಕ್ಕಾವರೇ, ನಿಮ್ಮ ಅತ್ತೆಯವರ ಮಾತು ಓದಿ ನಗು ಬಂತು. 1994ರಲ್ಲಿ ನಮ್ಮಜ್ಜಿ ಇದೇ ಮಾತು ಹೇಳಿದ್ದಳು, ಹೆಚ್ಚುಕಡಿಮೆ ಇದೇ ಶಬ್ದಗಳಲ್ಲಿ. ನಾನು ಬ್ಯಾಡಗಿಯವನು, ಅಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. 1994ರಿಂದ 97ರವರೆಗೆ ಅಲೋಶಿಯಸ್‌ನಲ್ಲಿ ಬಿಎಸ್ಸಿ ಓದಿದೆ. ಈಗ ಹುಬ್ಬಳ್ಳಿಯಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ.

ಲಿಂಗದ ಮಾತು ಮೊದಲು. ಮೂರು ವರ್ಷ ಕರಡಿಗೆ ನನ್ನ ಕೊರಳಲ್ಲೇ ಇತ್ತು. ಒಮ್ಮೆ ಲ್ಯಾಬಿನಲ್ಲಿ ಬಗ್ಗಿದಾಗ ಅಂಗಿಯಿಂದ ಹೊರಗೆ ಬಂದು ಬ್ಯೂರೆಟ್ಟಿಗೆ ಟಣ್ ಅಂತ ಬಡಿಯಿತು. ಅಲ್ಲೇ ಇದ್ದ ಒಬ್ಬ ವಯಸ್ಸಾದ ಫಾದರ್ ಅದೇನು ಅಂತ ಕೇಳಿದರು. ಹೇಳಿದೆ. "ದಿನಾ ಪೂಜೆ ಮಾಡ್ತೀಯಾ?" ಅಂದರು. ಇಲ್ಲ ಅಂದೆ. "ಮಾಡು" ಅಂದು ಮುಂದಿನ ಟೇಬಲಿಗೆ ಹೋದರು. ಅಷ್ಟೇ. ಊರಿಗೆ ಬಂದು ಅಜ್ಜಿಗೆ ಹೇಳಿದೆ. ಅವಳಿಗೆ ಖುಷಿಯಾಯಿತೋ ನಾನು ಪೂಜೆ ಮಾಡುತ್ತಿಲ್ಲ ಅಂತ ಸಿಟ್ಟು ಬಂತೋ, ಇವತ್ತಿಗೂ ಗೊತ್ತಿಲ್ಲ.

ನನ್ನ ಕಥೆ ಒಂದು ಕಡೆ ಇರಲಿ. ಕಾನೂನೂ ಹಾಗೇ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಯಾವ ಸಂಸ್ಥೆಯಲ್ಲೂ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಧರ್ಮಪಾಠಕ್ಕಾಗಲಿ ಪ್ರಾರ್ಥನೆಗಾಗಲಿ ಕೂರಿಸುವ ಹಾಗಿಲ್ಲ. ಹದಿನೆಂಟು ತುಂಬದವರಾದರೆ ಪೋಷಕರ ಒಪ್ಪಿಗೆ ಬೇಕು. ಸಂವಿಧಾನದ 28ನೇ ವಿಧಿಯ ಮೂರನೇ ಭಾಗ. ಮೈದುನರಿಗೆ ತೋರಿಸಿ. ನಮ್ಮ ಕಾಲದಲ್ಲಿ ಕ್ರೈಸ್ತ ಹುಡುಗರು ಧರ್ಮಪಾಠಕ್ಕೆ ಹೋಗುತ್ತಿದ್ದರು, ಅದೇ ಹೊತ್ತಿಗೆ ನಮಗೆ ನೀತಿಪಾಠ. ನಮ್ಮ ನೀತಿಪಾಠದಲ್ಲಿ ಮುಕ್ಕಾಲು ಜನ ನಿದ್ದೆ ಹೊಡೆಯುತ್ತಿದ್ದೆವು. ಅವರ ಕಡೆಯೂ ಅದೇ ಕತೆಯಂತೆ.

ಇನ್ನು 'ಹಳೇದೋ ಹೊಸದೋ' ಅನ್ನುವುದು. ಎರಡೂ ನಿಜ. ಕಾಲೇಜು ಶುರುವಾಗಿದ್ದು 1880ರ ಜನವರಿಯಲ್ಲಿ. ಮಂಗಳೂರಿನ ಕ್ಯಾಥೊಲಿಕರು ತಮ್ಮ ಮಕ್ಕಳಿಗೆ ಮೇಲಿನ ಓದು ಬೇಕು, ಅದಕ್ಕೆ ಜೆಸ್ವಿಟರನ್ನು ಕಳಿಸಿ ಅಂತ ವರ್ಷಗಟ್ಟಲೆ ರೋಮ್‌ಗೆ ಮನವಿ ಕಳಿಸಿದರು. ಜೆಸ್ವಿಟರು ಅಂದ್ರೆ 1540ರಲ್ಲಿ ಇಗ್ನೇಷಿಯಸ್ ಲೊಯೋಲ ಕಟ್ಟಿದ ಯೇಸು ಸಭೆಯವರು. ಶಾಲೆ ಕಾಲೇಜು ನಡೆಸುವುದರಲ್ಲಿ ಹೆಸರು ಮಾಡಿದ ಗುಂಪು. ಕೊನೆಗೆ 1878ರ ಡಿಸೆಂಬರ್ 31ಕ್ಕೆ ಮೊದಲ ತಂಡ ಮಂಗಳೂರಿಗೆ ಬಂದು ಇಳಿಯಿತು. ಹೆಚ್ಚಿನವರು ಇಟಲಿಯವರು. ಒಂದು ವರ್ಷದಲ್ಲಿ ಕಾಲೇಜು! ಈಗ ಒಂದು ಕೊಠಡಿಗೆ ಟೆಂಡರ್ ಕರೆಯಲು ಎರಡು ವರ್ಷ ಬೇಕು. ಗುಡ್ಡದ ಮೇಲಿನ ಜಾಗ ಕೊಟ್ಟವರು ಅದೇ ಊರಿನ ಲಾರೆನ್ಸ್ ಲೋಬೊ ಪ್ರಭು.

ಆಗಿನಿಂದ ಕಾಲೇಜು ಬೇರೆಯವರ ಹೆಸರಲ್ಲೇ ಡಿಗ್ರಿ ಕೊಡಿಸುತ್ತಾ ಬಂತು. ಮೊದಲು ಮದ್ರಾಸ್ ಯೂನಿವರ್ಸಿಟಿ, ರಾಜ್ಯ ಒಂದಾದ ಮೇಲೆ ಮೈಸೂರು, 1980ರಿಂದ ಮಂಗಳೂರು. ನನ್ನ ಸರ್ಟಿಫಿಕೇಟಿನಲ್ಲಿ ಇರುವುದು ಮಂಗಳೂರು ವಿಶ್ವವಿದ್ಯಾಲಯದ ಮುದ್ರೆ. 2007ರಲ್ಲಿ ಸ್ವಾಯತ್ತ ಆಯ್ತು. 2024ರ ಜನವರಿಯಲ್ಲಿ ಡೀಮ್ಡ್ ಯೂನಿವರ್ಸಿಟಿ. ಮೂರು ಬಾಡಿಗೆ ಮನೆ ಬದಲಿಸಿ ಕೊನೆಗೆ ಸ್ವಂತ ಮನೆಗೆ ಬಂದ ಹಾಗೆ ಅಂದುಕೊಳ್ಳಿ. ಪಾತ್ರೆಪಗಡ ಅವೇ.

ಡೀಮ್ಡ್ ಅಂದ್ರೆ ಡೂಪ್ಲಿಕೇಟ್ ಅಲ್ಲ. ಯುಜಿಸಿ ಅಂದ್ರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅದರ 1956ರ ಕಾಯ್ದೆಯಲ್ಲಿ ಮೂರನೇ ಸೆಕ್ಷನ್ ಅಂತ ಒಂದಿದೆ. ಅದರ ಪ್ರಕಾರ ಕೇಂದ್ರ ಸರ್ಕಾರ ಒಂದು ಸಂಸ್ಥೆಯನ್ನು 'ಇದನ್ನೂ ವಿಶ್ವವಿದ್ಯಾಲಯ ಅಂತಲೇ ಪರಿಗಣಿಸಬೇಕು' ಅಂತ ಘೋಷಿಸುತ್ತದೆ. ಡಿಗ್ರಿ ಯಾರು ಕೊಡಬಹುದು ಅಂತ 22ನೇ ಸೆಕ್ಷನ್ ಹೇಳುತ್ತದೆ. ಅದರಲ್ಲಿ ಇವೂ ಸೇರಿವೆ. ನಿಮ್ಮ ಖಾನಾವಳಿಯ ಹುಡುಗರು ಬರೆಯುವ ಕೆಎಎಸ್‌ಗೂ ನಡೆಯುತ್ತದೆ, ಯುಪಿಎಸ್‌ಸಿಗೂ ನಡೆಯುತ್ತದೆ. ಬೆಂಗಳೂರಿನ ಕ್ರೈಸ್ಟ್ ಕೂಡ 2008ರಿಂದ ಡೀಮ್ಡ್. ಅಲ್ಲಿನ ಸೇಂಟ್ ಜೋಸೆಫ್ಸ್ ಮಾತ್ರ ಬೇರೆ ದಾರಿ ಹಿಡಿಯಿತು. 1882ರ ಕಾಲೇಜು ಅದು, 2021ರಲ್ಲಿ ರಾಜ್ಯದ ಶಾಸನದಿಂದ ಯೂನಿವರ್ಸಿಟಿ ಆಯ್ತು. ಅದೂ ಜೆಸ್ವಿಟರದೇ. ಕ್ರೈಸ್ಟ್ ಸಿಎಮ್‌ಐ ಅನ್ನುವ ಕೇರಳ ಮೂಲದ ಸಭೆಯದು. ಹೊರಗಿನವರಿಗೆ ಎಲ್ಲರೂ 'ಫಾದರ್'ಗಳೇ. ಒಳಗೆ ಹೋದರೆ ನಮ್ಮ ಮಠಗಳ ಹಾಗೆ, ಬೇರೆ ಬೇರೆ ಪರಂಪರೆ.

ಹಾಗೇ ಇನ್ನೊಂದು. ನಿಮ್ಮ ಅತ್ತೆಯವರು 'ಪಾದ್ರಿಗಳ ಸಾಲಿ' ಅನ್ನುವಾಗ ಅವರ ಮನಸ್ಸಿನಲ್ಲಿ ಇರುವುದು ಧಾರವಾಡದ ಬಾಸೆಲ್ ಮಿಶನ್ ಶಾಲೆ ಇರಬೇಕು. ಅವರು ಪ್ರಾಟೆಸ್ಟೆಂಟರು, ಈ ಪೈಕಿಯಲ್ಲ. ಕಿಟ್ಟೆಲ್ ಆ ಪೈಕಿ. ಧಾರವಾಡ ಹುಬ್ಬಳ್ಳಿಯಲ್ಲಿ ಓಡಾಡಿ ಕನ್ನಡ ಕಲಿತು, 1894ರಲ್ಲಿ ನಿಘಂಟು ತಂದರಲ್ಲ, ಅದು ಅಚ್ಚಾಗಿದ್ದು ಮಂಗಳೂರಿನಲ್ಲೇ. ಜೆಸ್ವಿಟರ ಕಡೆ ಮಫೇಯಿ ಅಂತ ಒಬ್ಬ ಇಟಲಿಯ ಪಾದ್ರಿ ಇದ್ದರು. ಅವರು ಕೊಂಕಣಿಗೆ ಅದೇ ಕೆಲಸ ಮಾಡಿದರು. 1882ರಲ್ಲಿ ವ್ಯಾಕರಣ, 1883ರಲ್ಲಿ ನಿಘಂಟು. ಅಂದ್ರೆ ಕಾಲೇಜು ಶುರುವಾಗಿ ಮೂರೇ ವರ್ಷದಲ್ಲಿ.

ಇನ್ನೂ ಒಂದು ಮಾತು, ಇದು ನನಗೆ ತುಂಬಾ ಇಷ್ಟದ್ದು. ಆ ಕ್ರೈಸ್ತ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದವರು ಯಾರು ಗೊತ್ತೇ? ಮುಳಿಯ ತಿಮ್ಮಪ್ಪಯ್ಯ. ಪಂಪನ ಮೇಲೆ ದೊಡ್ಡ ಗ್ರಂಥ ಬರೆದವರು. ಮುಂದೆ ಸೇಡಿಯಾಪು ಕೃಷ್ಣಭಟ್ಟರೂ ಅಲ್ಲೇ ಕಲಿಸಿದರು. ಪಂಪ ತಾಯಿಯ ಕಡೆಯಿಂದ ನಮ್ಮ ಅಣ್ಣಿಗೇರಿಯವನು. ಅಣ್ಣಿಗೇರಿಯ ಮೊಮ್ಮಗನ ಕಾವ್ಯವನ್ನು ಅರೇಬಿಯನ್ ಸಮುದ್ರ ಕಾಣುವ ಗುಡ್ಡದ ಮೇಲೆ, ಇಟಲಿಯ ಪಾದ್ರಿಗಳು ಕಟ್ಟಿದ ಕಟ್ಟಡದಲ್ಲಿ ಕಲಿಸಿದ್ದಾರೆ. ಅತ್ತೆಯವರಿಗೆ ಇದನ್ನೂ ಹೇಳಿ.

ದಿನ ಹೇಗಿರುತ್ತದೆ ಅಂದಿರಿ. ಹತ್ತಬೇಕು, ಅಷ್ಟೇ! ಲೈಟ್‌ಹೌಸ್ ಹಿಲ್ ಅಂತಾರೆ, ಬಾವುಟಗುಡ್ಡೆ ಅಂತಲೂ ಅಂತಾರೆ. ನನ್ನ ರೂಮು ಕೊಡಿಯಾಲ್‌ಬೈಲಿನಲ್ಲಿತ್ತು. ಬೆಳಿಗ್ಗೆ ಏದುಸಿರು ಬಿಡುತ್ತಾ ಹತ್ತುವುದು, ಅಂಗಿ ಬೆನ್ನಿಗೆ ಅಂಟುವುದು, ಕ್ಲಾಸಿಗೆ ಹೋಗಿ ಕೂತ ಹತ್ತು ನಿಮಿಷ ಪಾಠ ಕಿವಿಗೇ ಬೀಳುವುದಿಲ್ಲ. ಬಯಲುಸೀಮೆಯವರಿಗೆ ಮೊದಲ ತಿಂಗಳು ಕಷ್ಟ. ಸಂಜೆ ಪಕ್ಕದ ಟಾಗೋರ್ ಪಾರ್ಕಿನಲ್ಲಿ ಕೂತರೆ ದೂರದಲ್ಲಿ ಸಮುದ್ರ. ನಾನು ಮೊದಲ ಸಲ ನೋಡಿದಾಗ ಅದು ಸಮುದ್ರ ಅಂತ ಗೊತ್ತಾಗಲಿಲ್ಲ. ಮೋಡ ಕೆಳಗೆ ಇಳಿದಿದೆ ಅಂದುಕೊಂಡೆ.

ಒಂದು ಅನಾಹುತ ಹೇಳಿ ಮುಗಿಸುತ್ತೇನೆ. ಅವ್ವ ಮೊದಲ ವರ್ಷ ನಲವತ್ತು ಖಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ಊರಿನಲ್ಲಿ ತಿಂಗಳುಗಟ್ಟಲೆ ಇರುತ್ತಲ್ಲ. ಜೂನ್ ತಿಂಗಳು. ಮೂರನೇ ದಿನಕ್ಕೆ ರೊಟ್ಟಿ ಹಪ್ಪಳ ನೆನೆದ ಹಾಗೆ ಮೆತ್ತಗೆ. ವಾರಕ್ಕೆ ಮೇಲೆ ಬಿಳಿ ಬೂಸ್ಟು. ನನ್ನ ರೂಮಿನವನು ಪುತ್ತೂರಿನವನು, "ಇದೆಂತ ಮಾರಾಯಾ, ನಿಮ್ಮ ಊರಿನ ಚಪಾತಿಗೆ ಉಣ್ಣೆ ಬರ್ತದಾ?" ಅಂದ. ಹಸಿವಿಗಿಂತ ಅವಮಾನ ಜಾಸ್ತಿ ಆಯ್ತು. ಹಾಗಾಗಿ ಮಗಳನ್ನು ಕಳಿಸುವುದಾದರೆ ಬಟ್ಟೆ ಗಂಟು ಬೇಡ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ.


ಸಪ್ತಾಪುರ ಖಾನಾವಳಿ ಬರೆದಿದ್ದಾರೆ:

ಸರ್, ನಾಲ್ಕು ಸಲ ಓದಿದೆ. ಲಿಂಗದ ಭಾಗವನ್ನು ಅತ್ತೆಯವರಿಗೆ ಜೋರಾಗಿ ಓದಿ ಹೇಳಿದೆ. "ಮಾಡು ಅಂದ್ನಾ?" ಅಂತ ಎರಡು ಸಲ ಕೇಳಿದರು. ರಾತ್ರಿ ಒಂದೂವರೆ ರೊಟ್ಟಿ ಉಂಡರು. ಮೈದುನನಿಗೆ ಸೆಕ್ಷನ್ ನಂಬರ್ ಕಳಿಸಿದ್ದೇನೆ, ಇನ್ನೂ ಉತ್ತರ ಇಲ್ಲ.


ಹಳೇ ಕೆಸಿಡಿ ಬರೆದಿದ್ದಾರೆ:

ಎಲ್ಲ ಸರಿ. ಆದರೆ ಯಾರೂ ಕೇಳದ ಪ್ರಶ್ನೆ ಕೇಳುತ್ತೇನೆ. ಮನೆಯಿಂದ ಕೂಗಳತೆಯಲ್ಲಿ ಕರ್ನಾಟಕ ಕಾಲೇಜು, ನಮ್ಮ ಕೆಸಿಡಿ, ಇದೆಯಲ್ಲ? 1917ರದು. ಮುಂಬೈ ಸರ್ಕಾರದ ಕಾಲದಲ್ಲಿ ಈ ಭಾಗಕ್ಕೆ ಕಾಲೇಜು ಬೇಕು ಅಂತ ಜನ ಹೋರಾಡಿ ತಂದದ್ದು. ಎಂಎಸ್ಸಿಗೆ ಬೇಕಾದರೆ ಗುಡ್ಡದ ಮೇಲೆ ಕರ್ನಾಟಕ ಯೂನಿವರ್ಸಿಟಿ. ನಮ್ಮಲ್ಲೂ ಗುಡ್ಡ ಇದೆ! 1949ರಲ್ಲಿ ಮುಂಬೈಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. ಜೀವಶಾಸ್ತ್ರ ಚೆನ್ನಾಗಿ ಕಲಿಸುವವರು ಇಲ್ಲೂ ಇದ್ದರು, ಇದ್ದಾರೆ. ಮಗಳು ಮನೆಯಲ್ಲಿ ಉಂಡು, ಸೈಕಲ್ ಮೇಲೆ ಕಾಲೇಜಿಗೆ ಹೋಗಿ ಬರಬಹುದು. ಹಾಸ್ಟೆಲ್ ಖರ್ಚು ಉಳಿಯುತ್ತದೆ. ಖಾಸಗಿ ಅಂದಮೇಲೆ ಫೀಸಿನ ಮಾತು ಮೊದಲು ಆಗಬೇಕು, ಇಲ್ಲಿ ಎಲ್ಲರೂ ಇತಿಹಾಸ ಹೇಳುತ್ತಿದ್ದೀರಿ.

ನಾನೂ ಹೊರಗೆ ಹೋಗಿ ಓದಿದವನೇ, ಬೇರೆ ಊರಿನ ಒಂದು ದೊಡ್ಡ ಹೆಸರಿನ ಕಾಲೇಜಿಗೆ. ಒಂದೇ ವರ್ಷಕ್ಕೆ ವಾಪಸ್ ಬಂದೆ. ಅಪ್ಪ ಎರಡು ಎತ್ತು ಮಾರಿ ಕಟ್ಟಿದ ಡೊನೇಶನ್ ವಾಪಸ್ ಬರಲಿಲ್ಲ. ಅದಕ್ಕೇ ಕಹಿ ಮಾತು ಆಡುತ್ತಿದ್ದೇನೆ, ತಪ್ಪು ತಿಳಿಯಬೇಡಿ.


ಸಪ್ತಾಪುರ ಖಾನಾವಳಿ ಬರೆದಿದ್ದಾರೆ:

ತಪ್ಪು ತಿಳಿಯಲಿಲ್ಲ ಅಣ್ಣಾವರೇ. ಫೀಸಿನ ಲೆಕ್ಕ ನಾನೇ ಹಾಕಿದ್ದೇನೆ, ಗ್ಯಾಸ್ ಸಿಲಿಂಡರ್ ಬಿಲ್ಲಿನ ಹಿಂದೆ. ಬಿಗಿ ಆಗುತ್ತದೆ, ಆದರೆ ಆಗುತ್ತದೆ. ಕೆಸಿಡಿ ಬೇಡ ಅಂತ ನಾನು ಅಂದಿಲ್ಲ. ಅವಳಿಗೇ ಹೊರಗೆ ಹೋಗಬೇಕು. "ಅವ್ವಾ, ನಾನು ಸಪ್ತಾಪುರ ಬಿಟ್ಟು ಎಲ್ಲೂ ಮಲಗಿಲ್ಲ" ಅಂದಳು ಒಂದು ರಾತ್ರಿ. ನಾನೂ ಮಲಗಿಲ್ಲ ಅಂತ ಆಗ ಹೊಳೆಯಿತು.


ಡ್ರಾಯಿಂಗ್ ಮಾಸ್ತರ, ಗದಗ ಬರೆದಿದ್ದಾರೆ:

ತಾಯಿ, ನನಗೆ ಬಿಎಸ್ಸಿ ಗೊತ್ತಿಲ್ಲ, ಯುಜಿಸಿ ಗೊತ್ತಿಲ್ಲ. ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿ ನಿವೃತ್ತನಾದವನು. ಆ ಕಾಲೇಜಿನ ಒಳಗೆ ಒಂದು ಚಾಪೆಲ್ ಇದೆ, ಅಂದ್ರೆ ಕಾಲೇಜಿನದೇ ಪ್ರಾರ್ಥನಾ ಮಂದಿರ. ಅದರ ಬಗ್ಗೆ ಇಲ್ಲಿ ಯಾರೂ ಒಂದು ಮಾತು ಹೇಳಿಲ್ಲ. ಬ್ಯಾಡಗಿಯವರು ಮೂರು ವರ್ಷ ಅಲ್ಲಿದ್ದು ಸಮುದ್ರದ ಬಗ್ಗೆ ಹೇಳಿದರು, ಬೂಸ್ಟಿನ ಬಗ್ಗೆ ಹೇಳಿದರು, ಚಿತ್ರದ ಬಗ್ಗೆ ಇಲ್ಲ! ವಿಜ್ಞಾನದವರು ಹೀಗೇ.

ನಾನು ಶಾಲಾ ಪ್ರವಾಸದಲ್ಲಿ ಹೋಗಿದ್ದೆ. ಮಕ್ಕಳು ಸಮುದ್ರಕ್ಕೆ ಹೋಗೋಣ ಅಂತ ಗಲಾಟೆ. ಹತ್ತು ನಿಮಿಷ ಅಂತ ಹೇಳಿ ಒಳಗೆ ಕರೆದುಕೊಂಡು ಹೋದೆ. ಹತ್ತು ನಿಮಿಷ ಆದ ಮೇಲೆ ಮಕ್ಕಳು ಹೊರಗೆ, ನಾನು ಒಳಗೆ. ಗೋಡೆ, ಕಮಾನು, ಛಾವಣಿ, ಎಲ್ಲಿ ನೋಡಿದರೂ ಚಿತ್ರ. ಕೈ ಅಗಲ ಖಾಲಿ ಜಾಗ ಹುಡುಕಬೇಕು.

ಬರೆದವರು ಅಂತೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಹತ್ತಿರದ ಸ್ತೆತ್ಸಾನೊ ಅನ್ನುವ ಹಳ್ಳಿಯವರು, 1854ರಲ್ಲಿ ಹುಟ್ಟಿದವರು. ಚಿತ್ರಗಾರ ಅಂತ ಹೆಸರು ಮಾಡಿದ ಮೇಲೆ ಜೆಸ್ವಿಟರ ಸಭೆ ಸೇರಿದರು. ಪಾದ್ರಿ ಆಗಲಿಲ್ಲ, ಬ್ರದರ್ ಆಗಿಯೇ ಉಳಿದರು. ಮಂಗಳೂರಿಗೆ ಬಂದು 1899ರಿಂದ 1901ರ ಹೊತ್ತಿಗೆ ಇಷ್ಟೂ ಮುಗಿಸಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಐವತ್ತೊಂದನೇ ವಯಸ್ಸಿಗೆ. ಊರಿಗೆ ವಾಪಸ್ ಹೋಗಲೇ ಇಲ್ಲ.

ಗೋಡೆಯ ಮೇಲಿನದು ಫ್ರೆಸ್ಕೊ, ಛಾವಣಿಯದು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಫ್ರೆಸ್ಕೊ ಅಂದ್ರೆ ಏನು ಅಂತ ಮಗಳಿಗೆ ಹೇಳಿ, ರಸಾಯನಶಾಸ್ತ್ರಕ್ಕೂ ಬರುತ್ತದೆ. ಸುಣ್ಣದ ಗಾರೆ ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಅಂಟು ಹಾಕುವುದಿಲ್ಲ. ಸುಣ್ಣ ಒಣಗುತ್ತಾ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನ ಒಳಗೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ಎಷ್ಟು ಗಾರೆ ಬಳಿಯುತ್ತೀರೋ ಅಷ್ಟನ್ನು ಅವತ್ತೇ ಮುಗಿಸಬೇಕು. ಕೈ ತಪ್ಪಿದರೆ ಒರೆಸಲು ಬರುವುದಿಲ್ಲ, ಗಾರೆಯನ್ನೇ ಕೆತ್ತಿ ತೆಗೆದು ಮರುದಿನ ಹೊಸದಾಗಿ ಬಳಿಯಬೇಕು. ನಾನು ಗದಗಿನಲ್ಲಿ ಒಮ್ಮೆ ಶಾಲೆಯ ಹಿಂದಿನ ಗೋಡೆಗೆ ಮಾಡಿ ನೋಡಿದ್ದೇನೆ. ನಮ್ಮ ಬಿಸಿಲಿಗೆ ಗಾರೆ ಅರ್ಧ ಗಂಟೆಗೆ ಹೀರಿತು. ಒಂದು ಬಾಳೆ ಎಲೆ ಬರೆಯುವಷ್ಟರಲ್ಲಿ ಕಥೆ ಮುಗಿಯಿತು. ಮಂಗಳೂರಿನಲ್ಲಿ ಗಾಳಿಯೇ ಒದ್ದೆ, ಗಾರೆ ನಿಧಾನಕ್ಕೆ ಒಣಗುತ್ತದೆ. ಬರೆಯುವಾಗ ಅನುಕೂಲ. ಆಮೇಲೆ ಅದೇ ಒದ್ದೆ ಚಿತ್ರಕ್ಕೆ ವೈರಿ. 1990ರ ದಶಕದಲ್ಲಿ ಹಳೇ ಕಟ್ಟಡ, ಕಲೆ ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಬಂದು ವರ್ಷಗಟ್ಟಲೆ ಕೂತು ಸರಿಪಡಿಸಿದರು.

ಕತೆ ಅಲೋಶಿಯಸ್ ಗೊನ್ಜಾಗನದು, ಕಾಲೇಜಿಗೆ ಅವನದೇ ಹೆಸರು. ಶ್ರೀಮಂತ ಮನೆತನದ ಹಿರಿಯ ಮಗ, ಆಸ್ತಿ ಎಲ್ಲ ತಮ್ಮನಿಗೆ ಬಿಟ್ಟು ಜೆಸ್ವಿಟರ ಜೊತೆ ಹೋದ. ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆಗೆ ನಿಂತ, ಅವನಿಗೂ ತಗುಲಿತು. 1591ರ ಜೂನ್ 21ಕ್ಕೆ ಸತ್ತ. ಇಪ್ಪತ್ಮೂರು ವಯಸ್ಸು. ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ ಒಬ್ಬ ಹುಡುಗಿ, "ಸರ್, ನಮ್ಮ ಅಲ್ಲಮ, ಅಕ್ಕಮಹಾದೇವಿ ಥರಾನೇ ಮನೆ ಬಿಟ್ಟವ" ಅಂದಳು. ನಾನು ಏನೂ ತಿದ್ದಲಿಲ್ಲ.

ಹೋದಾಗ ಒಂದು ಕೆಲಸ ಮಾಡಿ. ದೊಡ್ಡ ಚಿತ್ರ ಎಲ್ಲರೂ ನೋಡುತ್ತಾರೆ. ನೀವು ಹೂವಿನ ಮಾಲೆಗಳನ್ನು ನೋಡಿ. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲುವಾಡದ ಬಳ್ಳಿ ನೆನಪಿದೆಯಲ್ಲ? ಒಂದು ಸುರುಳಿಯ ಹಾಗೆ ಇನ್ನೊಂದಿಲ್ಲ. ಇಲ್ಲೂ ಅದೇ ಕೈ. ಯಾರೂ ನೋಡದ ಮೂಲೆಗೂ ಸೋಮಾರಿತನ ಮಾಡಿಲ್ಲ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಅದೂ ಒಳ್ಳೆಯದೇ. ಕಣ್ಣಿನಿಂದ ನೋಡುತ್ತೀರಿ.


ಬ್ಯಾಡಗಿ ಮೆಣಸು ಬರೆದಿದ್ದಾರೆ:

ಮಾಸ್ತರರೇ, ಒಪ್ಪಿದೆ. ಮೂರು ವರ್ಷದಲ್ಲಿ ಚಾಪೆಲ್ ಒಳಗೆ ನಾನು ಹೋಗಿದ್ದು ಪರೀಕ್ಷೆಯ ಹಿಂದಿನ ದಿನ ಮಾತ್ರ, ತಂಪಾಗಿರುತ್ತಿತ್ತು ಅಂತ. ಈಗ ನಾಚಿಕೆ ಆಗುತ್ತಿದೆ.


ಕುಂದಾಪುರದವಳು ಬರೆದಿದ್ದಾರೆ:

ಆಂಟಿ, ನಾನು ನಿಮ್ಮ ಖಾನಾವಳಿಯಲ್ಲಿ ಉಂಡವಳು! ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಭಾನುವಾರ ಹಾಸ್ಟೆಲ್ ಊಟ ಬೇಜಾರಾದರೆ ಗೆಳತಿಯರ ಜೊತೆ ಬರುತ್ತಿದ್ದೆ. "ಸಾರಿಗೆ ಸಿಹಿ ಹಾಕಬೇಡಿ" ಅಂತ ನೀವೇ ನನಗೆ ಒಮ್ಮೆ ಬೈದಿದ್ದಿರಿ, ನಾನು ಬೆಲ್ಲ ಕೇಳಿದ್ದಕ್ಕೆ.

ನಾನು ಹೋದ ದಾರಿಯಲ್ಲೇ ಉಲ್ಟಾ ನಿಮ್ಮ ಮಗಳು ಹೋಗುತ್ತಿದ್ದಾಳೆ. ಹಾಗಾಗಿ ಅವಳಿಗೆ ನಾಲ್ಕು ಮಾತು. ಮಳೆ ಅಂದ್ರೆ ಧಾರವಾಡದ ಜಿಟಿಜಿಟಿ ಅಲ್ಲ. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಬಿದ್ದರೆ ಅಲ್ಲಿ 3,500ಕ್ಕೂ ಜಾಸ್ತಿ. ಅದರಲ್ಲೂ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚರ್ಮದ ಚಪ್ಪಲಿ, ಚರ್ಮದ ಬ್ಯಾಗು ಮನೆಯಲ್ಲೇ ಇರಲಿ. ಬಟ್ಟೆ ಎರಡು ದಿನಕ್ಕೂ ಒಣಗುವುದಿಲ್ಲ. ಆದರೆ ಹುಳ ಕಪ್ಪೆ ಇಷ್ಟ ಅಂದಿರಲ್ಲ, ಅವಳಿಗೆ ಹಬ್ಬ. ಮಳೆ ಶುರುವಾದರೆ ಹಾಸ್ಟೆಲ್ ಬಚ್ಚಲಲ್ಲೇ ಪ್ರಾಕ್ಟಿಕಲ್ ಮಾಡಬಹುದು.

ಮೀನಿನ ವಾಸನೆ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳಬೇಕು ಅಂತ ಮನಸ್ಸಿನಲ್ಲಿ ಇದೆ, ನನಗೆ ಗೊತ್ತು. ಸಸ್ಯಾಹಾರ ಎಲ್ಲ ಕಡೆ ಸಿಗುತ್ತದೆ. ವಾಸನೆಗೆ ಹದಿನೈದು ದಿನ ಬೇಕು. ನನಗೂ ಧಾರವಾಡದಲ್ಲಿ ಗುರೆಳ್ಳು ಚಟ್ನಿಗೆ ಅಷ್ಟೇ ಬೇಕಾಯಿತು.

ಮಾತು. ಕ್ಲಾಸಿನ ಹೊರಗೆ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲ ಕೇಳುತ್ತದೆ. ಕಾಲೇಜಿನದೇ ಒಂದು ಸಮುದಾಯ ರೇಡಿಯೊ ಇದೆ, ಸಾರಂಗ್ 107.8. ಅದರಲ್ಲೂ ಇವೆಲ್ಲ ಭಾಷೆಗಳು ಬರುತ್ತವೆ. ಅವಳ ಧಾರವಾಡದ ಕನ್ನಡಕ್ಕೆ ಮೊದಮೊದಲು ನಗುತ್ತಾರೆ. ನಗಲಿ ಬಿಡಿ. ನನ್ನ ಕುಂದಗನ್ನಡಕ್ಕೆ ನಿಮ್ಮ ಹುಡುಗರು ಕಡಿಮೆ ನಕ್ಕಿದ್ದರಾ?

ಕಾಲೇಜಿನಲ್ಲಿ ಒಂದು ಮ್ಯೂಸಿಯಂ ಕೂಡ ಇದೆ, ಅಲೋಸಿಯಮ್ ಅಂತ. 1913ರದು. ಊರಿಗೆ ಬಂದ ಮೊದಲ ಕಾರು ಅಂತ ಒಂದು ಹಳೇ ಗಾಡಿ ಇಟ್ಟಿದ್ದಾರೆ. ಅಜ್ಜಿಗೆ ತೋರಿಸಿ.


ಬ್ಯಾಡಗಿ ಮೆಣಸು ಬರೆದಿದ್ದಾರೆ:

ಹೋಗುವ ದಾರಿಯ ಬಗ್ಗೆ. ನಮ್ಮ ಕಾಲದಲ್ಲಿ ಬಸ್ಸೇ ಗತಿ. ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ, ಆಮೇಲೆ ಸಮುದ್ರದ ಬದಿಯಲ್ಲಿ ಕುಮಟಾ, ಭಟ್ಕಳ, ಉಡುಪಿ. 350 ಕಿಲೋಮೀಟರ್ ಆಸುಪಾಸು. ಘಟ್ಟದಲ್ಲಿ ವಾಂತಿ ಖಚಿತ, ಕಿಟಕಿ ಸೀಟು ಹಿಡಿಯಿರಿ. ಈಗ ವಿಜಯಪುರದಿಂದ ಮಂಗಳೂರಿಗೆ ರೈಲು ಇದೆ, ಗದಗ, ಹುಬ್ಬಳ್ಳಿ, ಹಾವೇರಿ ಮೇಲೆ ಹೋಗುತ್ತದೆ. ಹಾಸನ ಸುತ್ತಿ ಹೋಗುವುದರಿಂದ ದೂರ ಜಾಸ್ತಿ, ಆದರೆ ವಯಸ್ಸಾದವರು ಮಲಗಿಕೊಂಡು ಹೋಗಬಹುದು. ಸಕಲೇಶಪುರ ದಾಟಿದ ಮೇಲಿನ ಘಟ್ಟ ಹಗಲಲ್ಲಿ ಸಿಕ್ಕರೆ ಮಗಳನ್ನು ಎಬ್ಬಿಸಿ.

ಕೆಸಿಡಿಯವರು ಫೀಸಿನ ಮಾತು ಎತ್ತಿದ್ದು ಸರಿ. ಆಫೀಸಿಗೆ ಹೋದಾಗ ನಾಚಿಕೆ ಪಡದೆ ಮೂರು ಕೇಳಿ. ಮೂರು ವರ್ಷದ ಒಟ್ಟು ಖರ್ಚು ಬರೆದು ಕೊಡಿ ಅಂತ ಕೇಳಿ, ಮೊದಲ ವರ್ಷದ್ದು ಮಾತ್ರ ಅಲ್ಲ. ಹುಡುಗಿಯರ ಹಾಸ್ಟೆಲ್ಲಿನಲ್ಲಿ ಜಾಗ ಖಾತ್ರಿನಾ ಅಂತ ಕೇಳಿ. ವಿದ್ಯಾರ್ಥಿವೇತನ ಏನೇನು ಇದೆ, ಯಾವ ತಾರೀಕಿನೊಳಗೆ ಅರ್ಜಿ ಹಾಕಬೇಕು ಅಂತ ಕೇಳಿ. ಮತ್ತೆ ಪ್ರಾಣಿಶಾಸ್ತ್ರದ ಲ್ಯಾಬ್ ತೋರಿಸಿ ಅನ್ನಿ. ಮಗಳನ್ನೇ ಒಳಗೆ ಬಿಡಿ, ನೀವು ಬಾಗಿಲಲ್ಲಿ ನಿಂತು ಅವಳ ಮುಖ ನೋಡಿ.

ಇನ್ನು ಅಲ್ಲಿನ ಓದು. ಹಾಜರಿಯಲ್ಲಿ ಬಿಗಿ. ಫಾದರ್‌ಗಳಿಗೆ ಗಡಿಯಾರ ಅಂದ್ರೆ ದೇವರಿಗಿಂತ ಒಂದು ಮೆಟ್ಟಿಲು ಮಾತ್ರ ಕೆಳಗೆ. ಕಾಲೇಜಿನ ಲಾಂಛನದ ಮೇಲೆ ಲ್ಯಾಟಿನ್ನಿನಲ್ಲಿ 'ಲೂಚೆತ್ ಎತ್ ಆರ್ದೆತ್' ಅಂತ ಇದೆ. ಬೆಳಗುತ್ತದೆ, ಉರಿಯುತ್ತದೆ ಅಂತ ಅರ್ಥ. ನಾವು ಹುಡುಗರು ಇಂಟರ್ನಲ್ ಮಾರ್ಕ್ಸ್ ಬಂದ ದಿನ ಎರಡನೇ ಅರ್ಧ ಮಾತ್ರ ನಿಜ ಅನ್ನುತ್ತಿದ್ದೆವು.


ಹಳೇ ಕೆಸಿಡಿ ಬರೆದಿದ್ದಾರೆ:

ಮೂರು ಪ್ರಶ್ನೆ ಸರಿಯಾಗಿವೆ. ಬಾಯಿಮಾತಿನಲ್ಲಿ ಬೇಡ, ಕಾಗದದ ಮೇಲೆ ತಗೊಳ್ಳಿ. ಕೆಸಿಡಿ ಅರ್ಜಿಯನ್ನೂ ಹಾಕಿ ಇಟ್ಟಿರಿ ತಂಗಿ, ಅದಕ್ಕೇನು ರೊಟ್ಟಿ ಕೇಳುವುದಿಲ್ಲ.


ಸಪ್ತಾಪುರ ಖಾನಾವಳಿ ಬರೆದಿದ್ದಾರೆ:

ಅರ್ಜಿ ಹಾಕಿದೆ ಅಣ್ಣಾವರೇ, ನಿನ್ನೆಯೇ.

ರೈಲಿಗೆ ಟಿಕೆಟ್ ಮಾಡಿಸಿದ್ದೇವೆ. ಎರಡು ಅಂತ ಹೋದ ಮೈದುನ ಮೂರು ತಂದ. ಮೂರನೆಯದು ಅತ್ತೆಯವರದು. ಕಾಲೇಜು ನೋಡಲು ಅಲ್ಲವಂತೆ. "ಎಪ್ಪತ್ನಾಲ್ಕ ವರ್ಷ ಆತು, ಸಮುದ್ರ ನೋಡಿಲ್ಲ, ಹೆಂಗೂ ಹೊಂಟೀರಿ" ಅಂದರು. ಪೂಜೆ ಮಾಡು ಅಂದ ಆ ಫಾದರ್ ಇನ್ನೂ ಇದ್ದಾರಾ ಅಂತ ಬ್ಯಾಡಗಿ ಸರ್‌ಗೆ ಕೇಳು ಅಂತಲೂ ಹೇಳಿದರು. ಕುಂದಾಪುರದ ಹುಡುಗಿ, ನೀನು ನೆನಪಿದ್ದೀಯಾ. ಸಾರಿಗೆ ಬೆಲ್ಲ ಕೇಳಿದವಳು ಒಬ್ಬಳೇ.

ಮಾಸ್ತರರೇ, ಚಾಪೆಲ್ ಮಧ್ಯಾಹ್ನ ಮುಚ್ಚುತ್ತಾರಾ? ಕೆಳಗೆ ಕೂತು ನೋಡಲು ಬಿಡುತ್ತಾರಾ? ಅತ್ತೆಯವರಿಗೆ ಕುತ್ತಿಗೆ ನೋವು, ಬಹಳ ಹೊತ್ತು ಮೇಲೆ ನೋಡಲು ಆಗುವುದಿಲ್ಲ. ಮಗಳು ಮೊಬೈಲಿನ ಕನ್ನಡಿ ಹಿಡಿದು ತೋರಿಸುತ್ತೇನೆ ಅನ್ನುತ್ತಿದ್ದಾಳೆ. ಫೋಟೋ ಅಲ್ಲ, ಕನ್ನಡಿಯ ಹಾಗೆ ಅಷ್ಟೇ. ಅದಕ್ಕೂ ಬೈಯುತ್ತಾರಾ?

ರೊಟ್ಟಿ ಅರವತ್ತು ಬಡಿದಿದ್ದೇನೆ. ಸ್ಟೀಲ್ ಡಬ್ಬಿಯಲ್ಲೇ ತುಂಬಿದ್ದೇನೆ ಸರ್, ತಳಕ್ಕೆ ಅಕ್ಕಿ ಹಾಕಿ.


ಡ್ರಾಯಿಂಗ್ ಮಾಸ್ತರ, ಗದಗ ಬರೆದಿದ್ದಾರೆ:

ಮಧ್ಯಾಹ್ನದ ಹೊತ್ತು ಸ್ವಲ್ಪ ಮುಚ್ಚುತ್ತಾರೆ, ಬೆಳಿಗ್ಗೆಯೇ ಹೋಗಿ. ಬೆಂಚುಗಳಿವೆ, ಕೂತು ನೋಡಬಹುದು. ಮೊಬೈಲ್ ಬೇಡ, ಸುಮ್ನೆ ಮಾತು ಬರುತ್ತದೆ. ಒಂದು ನಿಜವಾದ ಕನ್ನಡಿ ತಗೊಂಡು ಹೋಗಿ, ಅಂಗೈ ಅಗಲದ್ದು. ಅಜ್ಜಿಯ ತೊಡೆಯ ಮೇಲೆ ಇಡಿ.